ಇನ್ನೂ ಇದ್ದಾರಾ?

ನವೆಂಬರ್ ಬಂತೆಂದರೆ ಡೊಂಬಿವಲಿ, ಕಲ್ಯಾಣ, ಠಾಣೆಯ ಬ್ಯಾಂಕುಗಳ ಮುಂದೆ ಬೆಳಿಗ್ಗೆಯೇ ಸಾಲು ಬೆಳೆಯುತ್ತದೆ. ರೈಲ್ವೆ, ಅಂಚೆ, ಟೆಲಿಫೋನ್ ಎಂದು ಆಯುಷ್ಯವಿಡೀ ಲೋಕಲ್ ಗಾಡಿಯ ಬಾಗಿಲಿಗೆ ಜೋತುಬಿದ್ದು ದುಡಿದವರೆಲ್ಲ ಆ ತಿಂಗಳು ತಾವು ಬದುಕಿದ್ದೇವೆಂದು ರುಜುವಾತು ಮಾಡಬೇಕು. ಕನ್ನಡದ ಹಿರಿಯರೂ ಇದನ್ನು ಮರಾಠಿಯಲ್ಲೇ ‘ಹಯಾತೀಚಾ ದಾಖಲಾ’ ಅನ್ನುತ್ತಾರೆ. ಗೆರೆ ಸವೆದ ಹೆಬ್ಬೆಟ್ಟನ್ನು ಯಂತ್ರ ಒಪ್ಪುವುದಿಲ್ಲ. ಎದುರಿಗೆ ನಿಂತು ಕೆಮ್ಮಿದರೂ ಅದು ಪುರಾವೆಯಾಗುವುದಿಲ್ಲ.

ತಮ್ಮ ಜೀವಕ್ಕೆ ಇಷ್ಟು ದಾಖಲೆ ಕೊಡುವ ಈ ಮಂದಿ, ಸಾಲಿನಲ್ಲಿ ನಿಂತಲ್ಲಿಂದಲೇ ಇನ್ನೊಬ್ಬರ ಸಾವನ್ನು ಯಾವ ದಾಖಲೆಯೂ ಇಲ್ಲದೆ ವಾಟ್ಸಾಪಿನಲ್ಲಿ ಹಂಚುತ್ತಾರೆ.

2025ರ ನವೆಂಬರ್ 11ರಂದು ಅದೇ ಆಯಿತು. ಟಿವಿ ವಾಹಿನಿಗಳು ಬೆಳಗಿನ ಚಹಾದ ಹೊತ್ತಿಗೆ ಧರ್ಮೇಂದ್ರರನ್ನು ಮೇಲಕ್ಕೆ ಕಳಿಸಿಯಾಗಿತ್ತು. ನಮ್ಮ ಗುಂಪಿನಲ್ಲಿ ಓಂ ಶಾಂತಿಗಳ ಸುರಿಮಳೆ. ‘ಹೋದ್ರಂತಲ್ರೀ’ ಎಂದು ಧಾರವಾಡದ ಕಡೆಯವರು, ‘ಹೌದಾ ಮಾರಾಯ್ರೆ, ಮೊನ್ನೆ ಕೂಡ ಟಿವಿಯಲ್ಲಿ ಇದ್ದರಲ್ಲ’ ಎಂದು ಉಡುಪಿಯ ಕಡೆಯವರು. ಅಷ್ಟರಲ್ಲಿ ಮಗಳು ಈಶಾ ಮತ್ತು ಪತ್ನಿ ಹೇಮಾಮಾಲಿನಿ ಧರ್ಮೇಂದ್ರರ ಹಯಾತಿಯ ದಾಖಲೆಯನ್ನು ಇಡೀ ದೇಶಕ್ಕೆ ಸಲ್ಲಿಸಬೇಕಾಯಿತು. ಮರುದಿನ ಅವರು ಆಸ್ಪತ್ರೆಯಿಂದ ಮನೆಗೂ ಹೋದರು. ಗುಂಪಿನಲ್ಲಿ ಯಾರಿಗೂ ನಾಚಿಕೆಯಾದಂತೆ ಕಾಣಲಿಲ್ಲ. ಸಣ್ಣ ಬೇಸರವಂತೂ ಕಾಣುತ್ತಿತ್ತು. ಅಷ್ಟು ಚೆಂದದ ಹಾರ ಹಾಕಿದ ಫೋಟೊ ವ್ಯರ್ಥವಾಯಿತಲ್ಲ! 24ರಂದು ಅವರು ನಿಜಕ್ಕೂ ತೀರಿಕೊಂಡಾಗ ಅದೇ ಫೋಟೊ ಮತ್ತೆ ಬಂತು.

2022ರ ನವೆಂಬರ್‌ನಲ್ಲಿ ಮರಾಠಿ ರಂಗಭೂಮಿಯ ವಿಕ್ರಮ್ ಗೋಖಲೆ ಅವರಿಗೂ ಹೀಗೆಯೇ ಆಗಿತ್ತು. ಪುಣೆಯ ಆಸ್ಪತ್ರೆಯಲ್ಲಿ ಉಸಿರಾಡುತ್ತಿದ್ದವರಿಗೆ ಮುಂಬಯಿಯ ತಾರೆಯರು ಸಂತಾಪ ಸೂಚಿಸಿದರು, ಮನೆಯವರು ನಿರಾಕರಿಸಿದರು, 26ರಂದು ಸುದ್ದಿ ನಿಜವಾಯಿತು. ನಮ್ಮ ದ್ವಾರಕೀಶ್ ಅವರನ್ನಂತೂ ಕನ್ನಡಿಗರು ಹಲವು ಸಲ ಬೀಳ್ಕೊಟ್ಟಿದ್ದೇವೆ. ಅವರು ವಿಡಿಯೊದಲ್ಲಿ ಬಂದು ತಾನು ಗಟ್ಟಿಯಾಗಿದ್ದೇನೆಂದು ಹೇಳಬೇಕಾಗಿತ್ತು. 2024ರ ಏಪ್ರಿಲ್ 16ರಂದು ಕೊನೆಗೂ ಹೊರಟಾಗ ಡೊಂಬಿವಲಿಯಲ್ಲಿ ಕೇಳಿದ ಮೊದಲ ಮಾತು, ‘ಮತ್ತೆಯಾ?’

ನಟರ ಆಯುಷ್ಯ ಲೆಕ್ಕಕ್ಕೆ ಸಿಗುವುದೇ ಇಲ್ಲ, ಅವರನ್ನು ಬೇಗ ಕಳಿಸುವ ನಮ್ಮ ಅವಸರಕ್ಕೆ ಕಾರಣ ಅದೇ ಇರಬೇಕು. ‘ಶೋಲೆ’ಯನ್ನೇ ನೋಡಿ. ರಾಮನಗರದ ಬಂಡೆಗಳ ನಡುವೆ ನೀರಿನ ಟ್ಯಾಂಕ್ ಹತ್ತಿ ಸಾಯುತ್ತೇನೆಂದು ಕೂಗಿದ ವೀರು, ಅಂದರೆ ಇದೇ ಧರ್ಮೇಂದ್ರ, ಅದಾದ ಮೇಲೆ ಐವತ್ತು ವರ್ಷ ಬಾಳಿದರು. ಗೆಳೆಯನ ತೊಡೆಯ ಮೇಲೆ ಪ್ರಾಣ ಬಿಟ್ಟ ಜೈ, ಎಂಬತ್ತು ದಾಟಿಯೂ ಕೋಟಿ ರೂಪಾಯಿಯ ಪ್ರಶ್ನೆ ಕೇಳುತ್ತ ಕುಳಿತರು. ಎಲ್ಲರನ್ನೂ ನಡುಗಿಸಿದ ಗಬ್ಬರ್ 1992ರಲ್ಲೇ ಹೋದ. ನರೆತ ಕೂದಲಿನ ಠಾಕೂರ್ ಆಗಿದ್ದ ಸಂಜೀವ್ ಕುಮಾರ್ ವೀರುವಿಗಿಂತ ಸುಮಾರು ಮೂರು ವರ್ಷ ಚಿಕ್ಕವರು, ತೀರಿಕೊಂಡಾಗ ಬರೀ 47. ಮುದುಕನ ಪಾತ್ರ ಅಷ್ಟು ಚೆನ್ನಾಗಿ ಮಾಡಿದವರಿಗೆ ಮುದುಕನಾಗುವ ಅವಕಾಶವೇ ಸಿಗಲಿಲ್ಲ.

ಕೇಂದ್ರ ಸರಕಾರದ ಪಿಂಚಣಿದಾರನಿಗೆ 80 ತುಂಬಿದರೆ ಪಿಂಚಣಿ ಶೇ. 20 ಏರುತ್ತದೆ, 100 ತುಂಬಿದರೆ ಇಮ್ಮಡಿಯಾಗುತ್ತದೆ. ನಾಯಕನಟನಿಗೂ ಇಂಥದೊಂದು ನಿಯಮ ಇದ್ದಂತಿದೆ: ಅವನಿಗೆ ವಯಸ್ಸು ಏರಿದ ಹಾಗೆ ನಾಯಕಿಯ ವಯಸ್ಸು ಇಳಿಯಬೇಕು. 2025ರ ‘ಸಿಕಂದರ್’ನಲ್ಲಿ 1965ರ ಸಲ್ಮಾನ್‌ಗೆ ಜೋಡಿಯಾದವಳು 1996ರಲ್ಲಿ ಹುಟ್ಟಿದ ನಮ್ಮ ಕೊಡಗಿನ ರಶ್ಮಿಕಾ.

ನಮ್ಮ ಕಡೆ ಮಳೆಗಾಲಕ್ಕೆ ಮೊದಲು ಪಾಲಿಕೆಯವರು ಹಳೆಯ ಕಟ್ಟಡಗಳಿಗೆಲ್ಲ ‘ಧೋಕಾದಾಯಕ್’, ಅಂದರೆ ಅಪಾಯಕಾರಿ, ಎಂದು ನೋಟಿಸು ಅಂಟಿಸಿ ಹೋಗುತ್ತಾರೆ. ಒಳಗಿದ್ದವರು ಅದರ ಪಕ್ಕದಲ್ಲೇ ಬಟ್ಟೆ ಒಣಹಾಕುತ್ತಾರೆ. ಹಳೆಯ ನಾಯಕರದೂ ಅದೇ ಜಾತಿ. ಇನ್ನೇನು ಬಿದ್ದರು ಅನ್ನುವಷ್ಟರಲ್ಲಿ ರೀಡೆವಲಪ್‌ಮೆಂಟಿಗೆ ಹೋಗಿ, ಹೊಸ ವಿಗ್ಗು, ಹೊಸ ಹಲ್ಲು, ಮೇಲೆ ಇನ್ನಷ್ಟು ಮಹಡಿ ಏರಿಸುವ ಹೆಚ್ಚುವರಿ ಎಫ್‌ಎಸ್‌ಐ ಪಡೆದು ಬರುತ್ತಾರೆ. ದೇವ್ ಆನಂದ್ 88ನೇ ವಯಸ್ಸಿನಲ್ಲಿ, 2011ರಲ್ಲಿ, ‘ಚಾರ್ಜ್‌ಶೀಟ್’ ನಿರ್ದೇಶಿಸಿ ತಾವೇ ನಟಿಸಿದರು. ನೋಡಿದವರು ಕಡಿಮೆ, ಆದರೆ ಅವರಿಗೆ ಅದನ್ನು ಹೇಳುವ ಧೈರ್ಯ ಯಾರಿಗಿತ್ತು?

ನಟಿಯರಿಗೆ ಮಾತ್ರ ಈ ಎಫ್‌ಎಸ್‌ಐ ಸಿಗುವುದಿಲ್ಲ. 1954ರ ‘ಬೇಡರ ಕಣ್ಣಪ್ಪ’ದಲ್ಲಿ ರಾಜಕುಮಾರ್‌ಗೆ ಹೆಂಡತಿಯಾಗಿದ್ದ ಪಂಢರಿಬಾಯಿ ಮುಂದೆ ಅದೇ ರಾಜಕುಮಾರ್‌ಗೆ ತಾಯಿಯಾದರು. ಅಣ್ಣಾವ್ರು ನಾಯಕರಾಗಿಯೇ ಉಳಿದು 2000ದ ‘ಶಬ್ದವೇಧಿ’ಯವರೆಗೆ ಬಂದರು. ಹಿಂದಿಯ ಲೆಕ್ಕ ಇನ್ನೂ ಚೆಂದ. 1970ರ ‘ಜಾನಿ ಮೇರಾ ನಾಮ್’ನಲ್ಲಿ ನಮ್ಮ ಬೆಳಗಾವಿ ಸೀಮೆಯ ಸುಲೋಚನಾಬಾಯಿ ತಾಯಿ, ದೇವ್ ಆನಂದ್ ಮತ್ತು ಪ್ರಾಣ್ ಮಕ್ಕಳು. ತಾಯಿ ಹುಟ್ಟಿದ್ದು 1928ರಲ್ಲಿ, ಚಿಕ್ಕ ಮಗ 1923ರಲ್ಲಿ, ದೊಡ್ಡ ಮಗ 1920ರಲ್ಲಿ. ಇಷ್ಟು ವರ್ಷ ತಡವಾಗಿ ಹುಟ್ಟಿದ ತಾಯಿಯನ್ನು ಆ ಮಕ್ಕಳು ಹೇಗೋ ತಾಳ್ಮೆಯಿಂದ ಕಾದಿರಬೇಕು. ಸುಲೋಚನಾಬಾಯಿ ಮಾತ್ರ ಇಬ್ಬರು ಮಕ್ಕಳನ್ನೂ ಕಳಿಸಿ, 2023ರವರೆಗೆ ನೆಮ್ಮದಿಯಾಗಿದ್ದರು.

ಅಭಿಮಾನಿಗೆ ನಟ ಎರಡೇ ಅವಸ್ಥೆಯಲ್ಲಿ ಬೇಕು: ಮರ ಸುತ್ತುವಾಗ, ಇಲ್ಲವೇ ಗೋಡೆಯ ಮೇಲೆ ಹಾರ ಹಾಕಿಸಿಕೊಂಡಾಗ. ನಡುವಿನ ಮಂಡಿನೋವು, ಕಿವಿ ಕೇಳದಿರುವುದು, ಮೊಮ್ಮಕ್ಕಳ ಕೈ ಹಿಡಿದು ಮೆಟ್ಟಿಲಿಳಿಯುವುದು ನಮ್ಮ ಪಾಲಿನ ಆಸ್ತಿ. ಅದಕ್ಕೆ ಅವರೂ ಕೈಹಾಕಿದರೆ ಸಹಿಸುವುದು ಹೇಗೆ? ಹುಟ್ಟುಹಬ್ಬದ ಸುದ್ದಿ ಕಂಡೊಡನೆ ಬಾಯಿಂದ ಬರುವುದು ‘ಇನ್ನೂ ಇದ್ದಾರಾ?’ ಎಂದು.

2024ರಲ್ಲಿ ವೈಜಯಂತಿಮಾಲಾ ತೊಂಬತ್ತರ ವಯಸ್ಸಿನಲ್ಲಿ ಅಯೋಧ್ಯೆಯಲ್ಲಿ ನೃತ್ಯ ಮಾಡಿದರು. ಅದರ ವಿಡಿಯೊ ನಮ್ಮ ಗುಂಪಿಗೂ ಬಂತು. ಹಳೆಯ ಮುಖ ಕಂಡದ್ದೇ ತಡ, ನಿವೃತ್ತ ಹೆಡ್‌ಕ್ಲಾರ್ಕ್ ಮಾಮ ಅಭ್ಯಾಸಬಲದಿಂದ ಓಂ ಶಾಂತಿ ಹಾಕಿದರು. ‘ಮಾಮ, ಅವರು ಕುಣೀತಿದ್ದಾರೆ, ಅಳಿಸಿ’ ಎಂದ ಅಡ್ಮಿನ್. ‘ಇರಲಿ ಬಿಡೋ,’ ಎಂದರು ಮಾಮ, ‘ಆಮೇಲೆ ಮೊದಲು ಹಾಕಿದ್ದು ನೀನು ಅಂತ ಜಂಬ ಕೊಚ್ಕೋಬೇಡ.’