ಒಂದ್ಸಲ ನೋಡ್ಬೋದು

ಸಿನಿಮಾಪ್ರಿಯ ಎಂಬ ಪ್ರಭೇದ ಕರ್ನಾಟಕದ ಎಲ್ಲ ಊರುಗಳಲ್ಲೂ ಕಾಣಸಿಗುತ್ತದೆಯಾದರೂ ಅದರ ದಟ್ಟಣೆ ಬೆಂಗಳೂರಿನಲ್ಲಿ ಹೆಚ್ಚು. ವಯಸ್ಸು ನಲವತ್ತರ ಆಸುಪಾಸು. ಉದ್ಯೋಗ ಯಾವುದಾದರೂ ಆದೀತು, ಸೋಮವಾರ ಬೆಳಗ್ಗೆ ನಾಲ್ಕು ಜನ ಸೇರುವ ಜಾಗವಾಗಿದ್ದರೆ ಸಾಕು. ಇವನನ್ನು ವಿಮರ್ಶಕ ಎಂದು ತಿಳಿಯಬಾರದು. ವಿಮರ್ಶಕ ಬರೆಯುತ್ತಾನೆ, ಬರೆದದ್ದಕ್ಕೆ ಸಿಕ್ಕಿಬೀಳುತ್ತಾನೆ. ಸಿನಿಮಾಪ್ರಿಯ ಬರೀ ಹೇಳುತ್ತಾನೆ; ಹೇಳಿದ್ದಕ್ಕೆ ದಾಖಲೆ ಇಲ್ಲವಾದ್ದರಿಂದ ಅಭಿಪ್ರಾಯವನ್ನು ಬೇಕೆಂದಾಗ ಬದಲಿಸುವ ಸೌಕರ್ಯ ಇವನಿಗುಂಟು. ಇವನು ಅಭಿಮಾನಿಯೂ ಅಲ್ಲ. ಅಭಿಮಾನಿಗೆ ಒಬ್ಬನೇ ದೇವರು, ಕಟೌಟಿಗೆ ಹಾಲು ಸುರಿದರೆ ಅವನ ಕೆಲಸ ಮುಗಿಯಿತು. ಸಿನಿಮಾಪ್ರಿಯನಿಗೆ ಎಲ್ಲ ದೇವರ ಮೇಲೂ ಒಂದೊಂದು ತಕರಾರಿದೆ.

ಹಿಂದೆಲ್ಲ ಅಭಿಪ್ರಾಯಕ್ಕೆ ಪುರುಸೊತ್ತಿತ್ತು. 1972ರಲ್ಲಿ ತೆರೆಕಂಡ ‘ಬಂಗಾರದ ಮನುಷ್ಯ’ ಬೆಂಗಳೂರಿನ ಸ್ಟೇಟ್ಸ್ ಚಿತ್ರಮಂದಿರದಲ್ಲಿ ಎರಡು ವರ್ಷ ಓಡಿತು. ಒಬ್ಬಾತ ಅದನ್ನು ನೋಡಿ ಬಂದು, ಆರು ತಿಂಗಳು ಯೋಚನೆ ಮಾಡಿ, ಯುಗಾದಿಗೆ ಊರಿಗೆ ಹೋದಾಗ ‘ಚೆನ್ನಾಗಿದೆ, ನೋಡ್ಕೊಂಡ್ ಬಾ’ ಎಂದರೂ ಕೇಳಿದವನಿಗೆ ಸಿನಿಮಾ ಸಿಗುತ್ತಿತ್ತು. ಆ ಚಿತ್ರ ನೋಡಿ ಪಟ್ಟಣದ ಕೆಲಸ ಬಿಟ್ಟು ಬೇಸಾಯಕ್ಕೆ ಮರಳಿದ ಯುವಕರ ಸಂಗತಿಯನ್ನು ಹಳಬರು ಇಂದಿಗೂ ಹೇಳುತ್ತಾರೆ. ಆಗಿನವರು ಅಭಿಪ್ರಾಯವನ್ನು ನೇಗಿಲು ಹಿಡಿದು ಹೇಳಿದರು. ಈಗ ಬಹುಪಾಲು ಚಿತ್ರಗಳು ಮೂರನೇ ಶುಕ್ರವಾರಕ್ಕೆ ಗಂಟುಮೂಟೆ ಕಟ್ಟುತ್ತವೆ. ಸೋಮವಾರದೊಳಗೆ ಅಭಿಪ್ರಾಯ ಕೊಡದಿದ್ದರೆ, ಕೊಡೋಣವೆಂದರೂ ಸಿನಿಮಾ ಇರುವುದಿಲ್ಲ. ಇವನ ಅವಸರಕ್ಕೆ ಅರ್ಧ ಕಾರಣ ಇದೇ. ಇನ್ನರ್ಧ, ಪಕ್ಕದ ಟೇಬಲ್ಲಿನವನು ಮೊದಲು ನೋಡಿಬಿಟ್ಟಾನೆಂಬ ಭಯ.

ಹಾಗಾಗಿ ಇವನ ವಾರ ಗುರುವಾರ ಸಂಜೆಯೇ ಆರಂಭವಾಗುತ್ತದೆ. ಬಿಡುಗಡೆಗೆ ಮುಂಚೆಯೇ ಕಾಸು ಕೊಟ್ಟು ನೋಡುವ ಪ್ರೀಮಿಯರ್ ಷೋಗಳು ಬಂದ ಮೇಲೆ ಶುಕ್ರವಾರದ ಮೊದಲ ಆಟ ನೋಡಿದವನೂ ತಂಗಳು ತಿಂದವನೇ. ಚಿತ್ರಮಂದಿರದ ಆಯ್ಕೆಯಲ್ಲಿ ಇವನಿಗೆ ಖಚಿತ ಶಾಸ್ತ್ರವಿದೆ. ಸೌಂಡು ಮುಖ್ಯವೆನಿಸಿದರೆ ಲಾಲ್‌ಬಾಗ್ ಹತ್ತಿರದ ಊರ್ವಶಿ, ಶಿಳ್ಳೆ ಮುಖ್ಯವೆನಿಸಿದರೆ ಮಾಗಡಿ ರಸ್ತೆಯ ವೀರೇಶ್, ಹೆಂಡತಿ ಜೊತೆಗಿದ್ದರೆ ಮಾಲ್.

ಮೊದಲ ಅಭಿಪ್ರಾಯ ಹುಟ್ಟುವುದು ಮಧ್ಯಂತರದಲ್ಲಿ, ಶೌಚಾಲಯದ ಸಾಲಿನಲ್ಲಿ. ‘ಇಲ್ಲೀವರ್ಗೂ ಓಕೆ’ ಎಂದು ಮುಂದೆ ನಿಂತ ಅಪರಿಚಿತನ ಬೆನ್ನಿಗೆ ಹೇಳಲಾಗುತ್ತದೆ. ಇವನು ಆಡುವ ಮಾತುಗಳಲ್ಲೆಲ್ಲ ಹೆಚ್ಚು ಪ್ರಾಮಾಣಿಕವಾದದ್ದು ಇದೊಂದೇ. ಆ ಹೊತ್ತಿಗೆ ಬೇರೆಯವರು ಏನು ಹೇಳಿದ್ದಾರೆಂದು ಇವನಿಗಿನ್ನೂ ಗೊತ್ತಿರುವುದಿಲ್ಲ. ಒಳಗೆ ಮರಳಿ ಕೂತು, ಪಫ್ ಕಚ್ಚುತ್ತ, ಮೊಬೈಲ್ ತೆರೆದು ನಾಲ್ಕು ಜನ ಬರೆದದ್ದನ್ನು ಓದುತ್ತಾನೆ. ಅಷ್ಟು ಹೊತ್ತಿಗೆ ದ್ವಿತೀಯಾರ್ಧದ ಮೊದಲ ದೃಶ್ಯ ಮುಗಿದಿರುತ್ತದೆ. ಮುಂದೆ ‘ಕಥೆ ಎಲ್ಲೋ ಕಟ್ ಆಯ್ತು ಗುರು’ ಎಂದು ಇವನು ಹೇಳುವುದು ಆ ದೃಶ್ಯದ ಬಗ್ಗೆ.

ಆಟ ಬಿಟ್ಟಾಗ ಗೇಟಿನಲ್ಲಿ ಮೊಬೈಲೂ ಮೈಕೂ ಹಿಡಿದ ಹುಡುಗರು ಕಾದಿರುತ್ತಾರೆ. ಮೈಕಿನ ಮುಂದೆ ಹೋಗುವುದು ತನ್ನ ಘನತೆಗೆ ತಕ್ಕದ್ದಲ್ಲವೆಂದು ಇವನ ನಿಲುವು. ಆದರೂ ಅಲ್ಲಿಗೆ ಬಂದಾಗ ನಡಿಗೆ ನಿಧಾನವಾಗುತ್ತದೆ. ‘ಸಾರ್, ಮೂವಿ ಹೇಗಿದೆ?’ ಎಂದರೆ ಸಾಕು, ತಡೆಯಿಲ್ಲದೆ ಬರುತ್ತದೆ: ‘ಫಸ್ಟ್ ಹಾಫ್ ಸೂಪರ್, ಸೆಕೆಂಡ್ ಹಾಫ್ ಸ್ವಲ್ಪ ಲ್ಯಾಗು, ಬಿಜಿಎಂ ಬೆಂಕಿ, ಕ್ಲೈಮ್ಯಾಕ್ಸ್ ಮಾತ್ರ ಮಿಸ್ ಮಾಡ್ಬೇಡಿ, ಫ್ಯಾಮಿಲಿ ಸಮೇತ ಒಂದ್ಸಲ ನೋಡ್ಬೋದು.’ ಈ ಮಾತಿನಲ್ಲಿ ಚಿತ್ರದ ಹೆಸರಿಲ್ಲ, ಕಥೆಯಿಲ್ಲ. ಯಾವ ಚಿತ್ರದ ಮೇಲಾದರೂ ಹೊದಿಸಬಹುದು. ಸಿನಿಮಾ ಗೆದ್ದರೆ ಸೂಪರ್ ಎಂದದ್ದುಂಟು, ಮಕಾಡೆ ಮಲಗಿದರೆ ಲ್ಯಾಗು ಎಂದದ್ದೂ ಉಂಟು. ಬಸ್‌ಸ್ಟ್ಯಾಂಡಿನ ಗಿಳಿಶಾಸ್ತ್ರದವನಿಗೂ ಇಷ್ಟು ಭದ್ರವಾಗಿ ಮಾತು ಕಟ್ಟಲು ಬರುವುದಿಲ್ಲ. ಜೊತೆಗೆ ‘ಇಪ್ಪತ್ತು ನಿಮಿಷ ಕತ್ತರಿ ಹಾಕ್ಬೇಕಿತ್ತು’ ಎಂಬ ಸಲಹೆ ಇದ್ದೇ ಇರುತ್ತದೆ. ಯಾವ ಇಪ್ಪತ್ತು ನಿಮಿಷ ಎಂದು ಇದುವರೆಗೆ ಯಾರೂ ಕೇಳಿಲ್ಲ, ಕೇಳಿದರೆ ಇವನ ಬಳಿ ಉತ್ತರವೂ ಇಲ್ಲ. ಎರಡು ಗಂಟೆಯ ಚಿತ್ರಕ್ಕೂ ಇಪ್ಪತ್ತೇ, ಮೂರು ಗಂಟೆಯದಕ್ಕೂ ಇಪ್ಪತ್ತೇ.

ಚಿತ್ರದ ನಿಜವಾದ ಪರೀಕ್ಷೆ ನಡೆಯುವುದು ಮನೆಗೆ ಹೋಗುವ ದಾರಿಯಲ್ಲಿ, ಸ್ಕೂಟರಿನ ಹಿಂದಿನ ಸೀಟಿನಿಂದ.

‘ಅಲ್ಲಾ ರೀ, ಆ ಹುಡುಗಿ ಒಲೆ ಮೇಲೆ ಕುಕ್ಕರ್ ಇಟ್ಟು ಜಗಳಕ್ಕೆ ನಿಂತ್ಲಲ್ಲ, ಕಡೇವರ್ಗೂ ಅದು ಕೂಗ್ಲೇ ಇಲ್ವಲ್ಲ?’

‘ಸಿನಿಮಾನ ಹಾಗೆಲ್ಲಾ ನೋಡ್ಬಾರ್ದು ಕಣೇ. ಅಲ್ಲಿ ಎಮೋಷನ್ ಮುಖ್ಯ.’

‘ಏನೋಪ್ಪ. ನಂಗಂತೂ ಅನ್ನ ಸೀದೋಯ್ತು ಅಂತ್ಲೇ ಯೋಚ್ನೆ.’

ಸೋಮವಾರ ಕಚೇರಿಯ ಕ್ಯಾಂಟೀನಿನಲ್ಲಿ ಇದೇ ಕುಕ್ಕರ್ ಬೇರೆ ರೂಪದಲ್ಲಿ ಇಳಿಯುತ್ತದೆ. ‘ಡೀಟೇಲಿಂಗ್ ಅಂದ್ರೆ ಏನು ಅಂತ್ಲೇ ಗೊತ್ತಿಲ್ಲ ಸಾರ್ ನಮ್ಮೋರಿಗೆ. ಒಲೆ ಮೇಲೆ ಕುಕ್ಕರ್ ಇದೆ, ನಾಲ್ಕು ನಿಮಿಷದ ಸೀನು, ಒಂದು ವಿಷಲ್ ಇಲ್ಲ. ಸೌಂಡ್ ಡಿಸೈನ್ ಮಾಡೋರು ಏನ್ ಮಾಡ್ತಿದ್ರು?’ ಕೇಳಿದವರು ತಲೆದೂಗುತ್ತಾರೆ. ಈ ಪ್ರಭೇದದ ಸೂಕ್ಷ್ಮವಾದ ಮಾತುಗಳಲ್ಲಿ ಹೆಚ್ಚಿನವು ಹಿಂದಿನ ಸೀಟಿನಲ್ಲಿ ಹುಟ್ಟಿದವು ಎಂಬುದು ಕ್ಯಾಂಟೀನಿಗೆ ತಿಳಿಯುವುದಿಲ್ಲ.

ಕೇಳುವವರು ಬದಲಾದಂತೆ ಅಭಿಪ್ರಾಯವೂ ಬದಲಾಗುತ್ತದೆ. ಒಂದೇ ಚಿತ್ರ ಮೇಲಧಿಕಾರಿಯ ಮುಂದೆ ‘ಟೆಕ್ನಿಕಲಿ ಸೌಂಡ್’. ಗೆಳೆಯರ ಮುಂದೆ ‘ತಲೆನೋವು ಮಗಾ’. ಅತ್ತೆ ಮನೆಯಲ್ಲಿ ‘ಮನೆ ಮಂದಿಯೆಲ್ಲ ಕೂತು ನೋಡುವಂಥದ್ದು’. ಮಾವನವರು ಎಲ್ಲ ಕೇಳಿಸಿಕೊಂಡು ‘ರಾಜ್‌ಕುಮಾರ್ ಸಿನಿಮಾ ಮುಂದೆ ಇವೆಲ್ಲ ಏನು ಬಿಡಪ್ಪಾ’ ಎಂದಾಗ ಅದಕ್ಕೂ ಒಪ್ಪಿಗೆಯಿದೆ. ಒಂದೇ ಘಟನೆಯನ್ನು ಬೇರೆಬೇರೆಯವರ ಕಣ್ಣಿನಿಂದ ಹೇಳುವ ‘ಉಳಿದವರು ಕಂಡಂತೆ’ ಎಂಬ ಚಿತ್ರ 2014ರಲ್ಲಿ ಬಂತು. ಸಿನಿಮಾಪ್ರಿಯ ಆ ಕೆಲಸವನ್ನು ಒಬ್ಬನೇ ಮಾಡಬಲ್ಲ. ಅಂದಹಾಗೆ ಆ ಚಿತ್ರ ಚಿತ್ರಮಂದಿರದಲ್ಲಿ ಹೆಚ್ಚು ದಿನ ನಿಲ್ಲಲಿಲ್ಲ. ಮೆಚ್ಚುಗೆ ಬಂದದ್ದೆಲ್ಲ ಆಮೇಲೆ. ಇಂದು ‘ನಾನದನ್ನ ಮೊದಲ ವಾರವೇ ನೋಡಿದ್ದೆ’ ಎನ್ನುವವರೆಲ್ಲ ಆ ಮೊದಲ ವಾರ ನಿಜವಾಗಿ ಹೋಗಿದ್ದರೆ ಅದು ನೂರು ದಿನ ಓಡಬೇಕಿತ್ತು.

ಇವನು ಅಭಿಪ್ರಾಯವನ್ನು ತಡೆಹಿಡಿದ ಪ್ರಸಂಗ ತೀರಾ ಅಪರೂಪ. ‘ಸಪ್ತ ಸಾಗರದಾಚೆ ಎಲ್ಲೋ’ ಚಿತ್ರದ ಸೈಡ್ ಎ 2023ರ ಸೆಪ್ಟೆಂಬರ್ 1ರಂದು, ಸೈಡ್ ಬಿ ನವೆಂಬರ್ 17ರಂದು ಬಿಡುಗಡೆಯಾದವು. ನಡುವಿನ ಎರಡೂವರೆ ತಿಂಗಳು ‘ಪೂರ್ತಿ ನೋಡ್ದೆ ಏನೂ ಹೇಳಲ್ಲ’ ಎಂದು ಹೇಳಿಕೊಂಡು ತಿರುಗಿದ. ಅದನ್ನು ಹೇಳಿದಷ್ಟು ಸಲ ಬೇರೆ ಯಾವ ಚಿತ್ರದ ಬಗ್ಗೆಯೂ ಮಾತಾಡಿದ್ದಿಲ್ಲ.

2022ರ ‘ಕಾಂತಾರ’ ಇವನ ಬದುಕಿನ ದೊಡ್ಡ ತಿರುವು. ಮೊದಲ ವಾರ ‘ಕರಾವಳಿಯೋರಿಗೆ ಕನೆಕ್ಟ್ ಆಗತ್ತೆ’ ಎಂದಷ್ಟೇ ಹೇಳಿದವನು, ಹಿಂದಿ ಡಬ್ಬಿಂಗ್ ಬಂದು ಉತ್ತರದ ಸಹೋದ್ಯೋಗಿಗಳು ಪ್ರಶ್ನೆ ಕೇಳತೊಡಗಿದ ಮೇಲೆ ದೈವಾರಾಧನೆಯಲ್ಲಿ ಪ್ರಾವೀಣ್ಯ ಪಡೆದ. ಪಂಜುರ್ಲಿ ಯಾರು, ಗುಳಿಗ ಯಾರು, ಕಂಬಳದ ಗದ್ದೆ ಎಷ್ಟುದ್ದ, ಎಲ್ಲವನ್ನೂ ಊಟದ ಡಬ್ಬಿ ಮುಂದಿಟ್ಟುಕೊಂಡು ಬೋಧಿಸಿದ. ಆ ಟೇಬಲ್ಲಿನಲ್ಲಿ ಬೆಳ್ತಂಗಡಿ ಕಡೆಯವನೊಬ್ಬ ಕೂತಿದ್ದ. ಹುಟ್ಟಿದಾಗಿನಿಂದ ಕೋಲ ನೋಡಿಕೊಂಡೇ ಬೆಳೆದವನು. ‘ಅದೊಂದು ಡ್ಯಾನ್ಸ್ ಫಾರ್ಮ್, ನೈಟೆಲ್ಲಾ ಮಾಡ್ತಾರೆ’ ಎಂಬಲ್ಲಿಗೆ ಬಂದಾಗ ಆತ ಸಾರನ್ನ ಕಲಸುವುದನ್ನು ನಿಲ್ಲಿಸಿ, ‘ಅದು ಡ್ಯಾನ್ಸ್ ಅಲ್ಲ ಮಾರಾಯ್ರೆ’ ಎಂದ. ‘ಅಲ್ಲ, ಸಿನಿಮಾಟಿಕ್ ಆಗಿ ಹೇಳ್ದೆ’ ಎಂದು ಇವನು ಮುಂದುವರಿಸಿದ. ಬೆಳ್ತಂಗಡಿಯವನು ಮಜ್ಜಿಗೆ ಹಾಕಿಕೊಂಡ.

ಮಾಹಿತಿ ಸಂಗ್ರಹದಲ್ಲೂ ಇವನದು ಎತ್ತಿದ ಕೈ. 2025ರ ಜುಲೈನಲ್ಲಿ ‘ಸು ಫ್ರಮ್ ಸೋ’ ಸದ್ದಿಲ್ಲದೆ ಬಂದು, ಬಾಯಿಮಾತಿನ ಬಲದಿಂದಲೇ ದಿನದಿನಕ್ಕೆ ಆಟ ಹೆಚ್ಚಿಸಿಕೊಳ್ಳುತ್ತ ಹೋಯಿತು. ಆ ‘ಸು’ ಎಂದರೆ ಸುಲೋಚನಾ, ‘ಸೋ’ ಎಂದರೆ ಸೋಮೇಶ್ವರ. ಕನ್ನಡದ ಮೊದಲ ಮಾತಿನ ಚಿತ್ರ 1934ರ ‘ಸತಿ ಸುಲೋಚನಾ’. ಈ ಎರಡು ಸುಲೋಚನೆಯರಿಗೆ ಹೆಸರಿನ ಹೊರತು ಯಾವ ಸಂಬಂಧವೂ ಇಲ್ಲ. ಆ ಕಾಲದವಳು ಇಂದ್ರಜಿತುವಿನ ಹೆಂಡತಿ, ಈ ಕಾಲದವಳು ಸೋಮೇಶ್ವರದಿಂದ ಬಂದ ದೆವ್ವ. ಆದರೂ ಸಿನಿಮಾಪ್ರಿಯ ಇದನ್ನು ತಾನೇ ನಡೆಸಿದ ಸಂಶೋಧನೆಯೆಂಬಂತೆ ಮದುವೆ ಊಟದ ಪಂಕ್ತಿಯಲ್ಲಿ, ಲಿಫ್ಟಿನಲ್ಲಿ, ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಬಾಯಿ ತೆರೆಯುವ ಮುನ್ನ ಹಂಚಿದ. ಬಾಯಿಮಾತಿನಿಂದ ಸಿನಿಮಾ ಓಡುವುದೆಂದರೆ ಇವನಂಥವರ ಬಾಯಿಂದಲೇ ಎಂಬುದನ್ನು ಇಲ್ಲಿ ಒಪ್ಪಬೇಕು. ನಿರ್ಮಾಪಕರು ಲಕ್ಷಗಟ್ಟಲೆ ಸುರಿದರೂ ಆಗದ ಪ್ರಚಾರವನ್ನು ಇವನು ಸ್ವಂತ ಖರ್ಚಿನಲ್ಲಿ ಮಾಡುತ್ತಾನೆ.

ಆ ಖರ್ಚಿಗೂ ಅಭಿಪ್ರಾಯಕ್ಕೂ ವಿಚಿತ್ರ ನಂಟಿದೆ. ಕೆ.ಜಿ. ರಸ್ತೆಯಲ್ಲಿ ಬಾಲ್ಕನಿ ಟಿಕೆಟ್ಟಿಗೆ ನೋಡಿದ ಚಿತ್ರವನ್ನು ಇವನು ಸಲೀಸಾಗಿ ಬೈಯುತ್ತಾನೆ. ಮಾಲ್‌ನಲ್ಲಿ ಹೆಂಡತಿ ಮಕ್ಕಳ ಸಮೇತ, ಪಾಪ್‌ಕಾರ್ನ್ ಬಿಲ್ಲೂ ಸೇರಿ ಸಾವಿರಾರು ರೂಪಾಯಿ ಕಳೆದ ಚಿತ್ರವನ್ನು ಬೈಯಲು ಬಾಯಿ ಬರುವುದಿಲ್ಲ. ‘ಡೈರೆಕ್ಟರ್ ಏನೋ ಹೇಳೋಕ್ ಹೊರಟಿದಾನೆ, ಜನಕ್ಕೆ ಅರ್ಥ ಆಗ್ತಿಲ್ಲ’ ಎನ್ನುತ್ತಾನೆ. 2025ರ ಸೆಪ್ಟೆಂಬರಿನಲ್ಲಿ ರಾಜ್ಯ ಸರ್ಕಾರ ಟಿಕೆಟ್ ದರಕ್ಕೆ ತೆರಿಗೆ ಬಿಟ್ಟು 200 ರೂಪಾಯಿಯ ಮಿತಿ ಹಾಕಿದಾಗ ಇವನು ಸ್ವಾಗತಿಸಿದ. ಕೆಲವೇ ದಿನಗಳಲ್ಲಿ ಹೈಕೋರ್ಟು ತಡೆ ಕೊಟ್ಟಾಗ ‘ನಾನ್ ಆವತ್ತೇ ಹೇಳ್ದೆ’ ಎಂದ. ಎಲ್ಲಕ್ಕಿಂತ ಕಠೋರವಾದ ತೀರ್ಪು ಹೊರಬೀಳುವುದು ಚಿತ್ರ ಓಟಿಟಿಗೆ ಬಂದಾಗ, ಅದೂ ಭಾವಮೈದುನನ ಪಾಸ್‌ವರ್ಡಿನಲ್ಲಿ. ಸೋಫಾದ ಮೇಲೆ ಕಾಲು ಚಾಚಿ, ಮೂರು ಕಂತಿನಲ್ಲಿ, ನಡುವೆ ಹತ್ತತ್ತು ಸೆಕೆಂಡು ಓಡಿಸಿ ನೋಡಿ, ‘ಸ್ಕ್ರೀನ್‌ಪ್ಲೇಲಿ ಫ್ಲೋ ಇಲ್ಲ’ ಎಂದು ಷರಾ ಬರೆಯುತ್ತಾನೆ. ಥಿಯೇಟರಿನಲ್ಲಿ ಇದೇ ಚಿತ್ರಕ್ಕೆ ಇವನು ಶಿಳ್ಳೆ ಹೊಡೆದಿದ್ದನ್ನು ಕಂಡವರಿದ್ದಾರೆ.

ನೆರೆಮನೆಯ ಪಲ್ಯ ಇವನಿಗೆ ಯಾವಾಗಲೂ ರುಚಿ, ಆ ನೆರೆಮನೆ ಸಾಮಾನ್ಯವಾಗಿ ಕೇರಳ. ಒಂದು ಹಳೇ ಮನೆ, ಬಿಡದ ಮಳೆ, ನಾಲ್ಕು ಪಾತ್ರ, ಅರ್ಧ ಗಂಟೆಗೊಂದು ಮಾತು ಇರುವ ಚಿತ್ರ ಮಲಯಾಳದ್ದಾದರೆ ‘ಏನ್ ಮೇಕಿಂಗ್ ಗುರು, ಬದುಕನ್ನೇ ತಂದಿಟ್ಟಿದಾರೆ’. ಅದೇ ಮನೆ, ಅದೇ ಮಳೆ, ಅವೇ ನಾಲ್ಕು ಪಾತ್ರ ಕನ್ನಡದಲ್ಲಿ ಬಂದರೆ ‘ಸೀರಿಯಲ್ ಥರ ಇದೆ’. 2024ರ ‘ಆವೇಶಂ’ ನೋಡಿ ಬಂದವನು ‘ನಮ್ ಬೆಂಗ್ಳೂರನ್ನ ನಮಗಿಂತ ಚೆನ್ನಾಗಿ ಅವ್ರೇ ತೋರಿಸ್ತಾರೆ’ ಎಂದ. ಕನ್ನಡದ ಹುಡುಗರು ಬೆಂಗಳೂರನ್ನು ತೋರಿಸಿದ ಚಿತ್ರಗಳಿಗೆ ಇವನು ಹೋಗಿರಲಿಲ್ಲ. ಓಟಿಟಿಗೆ ಬರಲೆಂದು ಕಾಯುತ್ತಿದ್ದ.

ಕನ್ನಡದಲ್ಲಿ ಇವನು ಷರತ್ತಿಲ್ಲದೆ ಮೆಚ್ಚುವುದು ಇಲ್ಲದವರನ್ನು. ‘ಪುಟ್ಟಣ್ಣ ಇದ್ದಿದ್ರೆ’, ‘ಶಂಕರ್‌ನಾಗ್ ಇದ್ದಿದ್ರೆ’ ಎಂದು ಶುರುವಾಗುವ ವಾಕ್ಯಗಳನ್ನು ಮುಗಿಸುವ ಅಗತ್ಯ ಇವನಿಗೆ ಕಂಡಿಲ್ಲ. ಪುಟ್ಟಣ್ಣ ಕಣಗಾಲ್ 1985ರಲ್ಲಿ ತೀರಿಕೊಂಡಾಗ ಇವನಿಗೆ ಚಡ್ಡಿಯ ಗುಂಡಿ ಹಾಕಿಕೊಳ್ಳಲು ಬರುತ್ತಿರಲಿಲ್ಲ.

ಕೊನೆಯ ಹಂತ ಮರುಬಿಡುಗಡೆಯದು. ಈಚಿನ ವರ್ಷಗಳಲ್ಲಿ ಹಳೆಯ ಚಿತ್ರಗಳು ಹೊಸ ಪೋಸ್ಟರ್ ಹೊತ್ತು ಮತ್ತೆ ಬರುತ್ತಿವೆ: 2024ರಲ್ಲಿ ‘ಜಾಕಿ’, 2025ರ ಮಾರ್ಚಿನಲ್ಲಿ ‘ಅಪ್ಪು’. ಇವಕ್ಕೆ ಸಿನಿಮಾಪ್ರಿಯ ತಪ್ಪದೆ ಹಾಜರಿ ಹಾಕುತ್ತಾನೆ, ಹಾಡುಗಳಿಗೆ ಹುಡುಗರ ಜೊತೆ ಎದ್ದು ನಿಲ್ಲುತ್ತಾನೆ. ಇಲ್ಲಿ ಒಂದು ಅಪಾಯವಿದೆ. ಹೊಸ ಚಿತ್ರಕ್ಕೆ ಜೊತೆಯಾಗುವವರು ಹೊಸ ಸಹೋದ್ಯೋಗಿಗಳು, ಹಳೆಯ ಚಿತ್ರಕ್ಕೆ ಜೊತೆಯಾಗುವವರು ಹಳೆಯ ಗೆಳೆಯರು. ಇವನ ಮೊದಲ ಅಭಿಪ್ರಾಯಗಳಿಗೆ ಉಳಿದಿರುವ ದಾಖಲೆ ಅವರಷ್ಟೇ. 1998ರಲ್ಲಿ ಉಪೇಂದ್ರರ ‘ಎ’ ಚಿತ್ರ ‘ಬುದ್ಧಿವಂತರಿಗೆ ಮಾತ್ರ’ ಎಂಬ ಅಡಿಬರಹ ಹೊತ್ತು ಬಂದಿತ್ತು. ಹಿಂದುಮುಂದಾಗಿ ಹೆಣೆದ ಕಥೆ ತನಗೆ ಅರ್ಥವಾಗಲಿಲ್ಲವೆಂದು ಒಪ್ಪಿಕೊಳ್ಳುವ ದಾರಿಯನ್ನು ಆ ಎರಡು ಪದ ಮುಚ್ಚಿಬಿಟ್ಟಿದ್ದವು. ಅದು 2024ರ ಮೇ ತಿಂಗಳಲ್ಲಿ ಮರುಬಿಡುಗಡೆಯಾದಾಗ, ಆಟ ಬಿಟ್ಟು ಪಾರ್ಕಿಂಗಿಗೆ ಬರುತ್ತ, ಕಾಲಕ್ಕಿಂತ ಇಪ್ಪತ್ತು ವರ್ಷ ಮುಂದಿದ್ದ ಸಿನಿಮಾ ಇದು, ಆಗ ಅರ್ಥ ಮಾಡಿಕೊಂಡವರು ಬೆರಳೆಣಿಕೆಯಷ್ಟು ಜನ ಎಂದು ಇವನು ವಿವರಿಸುತ್ತಿದ್ದ. ಪಿಯುಸಿಯಲ್ಲಿ ಪಕ್ಕದ ಬೆಂಚಿನಲ್ಲಿ ಕೂರುತ್ತಿದ್ದವನು ಬೈಕಿನ ಸ್ಟ್ಯಾಂಡ್ ತೆಗೆಯುತ್ತ ಕೇಳಿದ:

‘ಅವತ್ತು ಇಂಟರ್ವಲ್‌ನಲ್ಲಿ ಎದ್ದು ಹೋಗಿದ್ದು ನೀನೇ ಅಲ್ವೇನೋ?’

‘ಅವತ್ತು ಪ್ರಿಂಟ್ ಸರಿ ಇರ್ಲಿಲ್ಲ ಮಗಾ.’