ಕುಕ್ಕುಟೋದಯ ಯೋಜನೆ

ವಿದ್ಯೆಯು ಪುಸ್ತಕದಿಂದ ಜೀವನಕ್ಕಿಳಿಯಬೇಕೆಂಬ ಸುತ್ತೋಲೆಯನ್ನು ಶಿರಸಾವಹಿಸಿದ ನಮ್ಮ ಮುಖ್ಯೋಪಾಧ್ಯಾಯರು, ಪೇಟೆಯ ಅಂಗಡಿಯಿಂದ ಡಜನ್ ಬಿಳಿಯ ಮೊಟ್ಟೆಗಳನ್ನು ತರಿಸಿ, ವಿದ್ಯುದ್ದೀಪ ತೂಗುಬಿಟ್ಟ ಹಳೆಯ ಪೆಟ್ಟಿಗೆಯೊಂದರಲ್ಲಿ ಪ್ರತಿಷ್ಠಾಪಿಸಿ, ಉಷ್ಣಮಾಪಕದ ಪಾದರಸವು 37.5 ಡಿಗ್ರಿಯಿಂದ ಚಲಿಸದಂತೆ ಕಾಯಲು ನಾಲ್ವರು ಉಪಾಧ್ಯಾಯರ ಉಪಸಮಿತಿಯನ್ನೂ ನೇಮಿಸಿದ್ದರು. ಎಂಟನೆಯ ದಿನ ಜವಾನನನ್ನು ಕರೆದರು.

“21ನೆಯ ದಿನ ಭಾನುವಾರ ಬೀಳುತ್ತದೆ. ಇನ್‌ಸ್ಪೆಕ್ಟರರು ದಯಮಾಡಿಸುವುದು ಸೋಮವಾರ. ಮರಿಗಳನ್ನು ಒಂದು ದಿನ ತಡೆಹಿಡಿಯಲಾದೀತೇನಯ್ಯಾ?”

“ತಡೆಯೋದೇನು ಸ್ವಾಮಿ, ಇವು ಯಾವ ವಾರಕ್ಕೂ ಬರೋವಲ್ಲ.”

“ಏಕೆ? ದಿನಕ್ಕೆ ಮೂರಾವರ್ತಿ ಹೊರಳಿಸುತ್ತಿಲ್ಲವೆ? ತೇವಕ್ಕೆಂದು ಬಟ್ಟಲಲ್ಲಿ ನೀರಿಟ್ಟಿಲ್ಲವೆ?”

“ಎಲ್ಲಾ ಸರಿ ಸ್ವಾಮಿ. ಆದ್ರೆ ಈ ಫಾರಂ ಹೇಂಟೆಗಳು ಹುಂಜದ ಮುಖಾನೇ ಕಂಡಿರಲ್ಲ.”

ಮುಖ್ಯೋಪಾಧ್ಯಾಯರು ಬಾಲಕಿಯರ ಬೆಂಚಿನತ್ತ ದೃಷ್ಟಿ ಹಾಯಿಸಿ, ದನಿಯನ್ನು ತಗ್ಗಿಸಿದರು.

“ಹುಂಜವು ಪಠ್ಯಕ್ರಮದಲ್ಲಿಲ್ಲ.”

“ಬೆಳಕಿಗೆ ಹಿಡಿದು ನೋಡಿ ಸ್ವಾಮಿ. ಇಷ್ಟೊತ್ತಿಗೆ ಜೇಡರಬಲೆ ಹಂಗೆ ಕೆಂಪು ನರ ಕಾಣಬೇಕು. ಇದ್ರಲ್ಲಿ ಬರೀ ಹಳದಿ ನೆರಳು.”

ಟಾರ್ಚಿನ ಮೇಲೆ ಮೊಟ್ಟೆಯನ್ನಿರಿಸಿ, ಕನ್ನಡಕವನ್ನು ಹಣೆಗೇರಿಸಿ, ಬಹಳ ಹೊತ್ತು ನೋಡಿದ ಮುಖ್ಯೋಪಾಧ್ಯಾಯರಿಗೆ, ನಿಜವಾಗಿ, ಉಪಾಹಾರದ ಹೊರತು ಬೇರೇನೂ ಕಾಣಿಸಲಿಲ್ಲ.

“ನಮ್ಮನೆ ಹೇಂಟೆ ಕಾವಿಗೆ ಕೂತು ಇವತ್ತಿಗೆ ಏಳು ದಿನ,” ಎಂದ ಜವಾನ. “ಲೆಕ್ಕಕ್ಕೆ ಸೋಮವಾರವೇ ಆಯ್ತದೆ. ಉಪಸಮಿತಿ ಗಿಪಸಮಿತಿ ಏನಿಲ್ಲ, ಅದೊಂದೇ.”

“ಹಾಗಾದರೆ ಅದನ್ನು ಬುಟ್ಟಿಸಮೇತ ಕರೆತಾ. ತಾತ್ಕಾಲಿಕ ಸಹಾಯಕಿಯೆಂದು ದಾಖಲಿಸೋಣ.”

“ಸಂಬಳ ಸ್ವಾಮಿ?”

“ದಿನಕ್ಕೊಂದು ಹಿಡಿ ರಾಗಿ. ರಸೀದಿ ಮಾತ್ರ ತಪ್ಪದೆ ಬೇಕು.”