ಕಂಕುಳಲ್ಲಿ ಮಾಡ್ಸ್ಲಿ

ಮನೋರೋಗ ವಿಭಾಗದ ಓಪಿಡಿ ಕಂಡವರಿಗೆಲ್ಲ ಈ ಪೀಜಿ ಡಾಕ್ಟರ ಪರಿಚಯವಿರುತ್ತದೆ. ಕೊರಳಲ್ಲಿ ಸ್ಟೆಥಾಸ್ಕೋಪು ಇರಲಿ ಬಿಡಲಿ, ಕಂಕುಳಲ್ಲಿ ಲಂಡನ್ನಿನ 'ಮಾಡ್ಸ್ಲಿ ಪ್ರಿಸ್ಕ್ರೈಬಿಂಗ್ ಗೈಡ್‌ಲೈನ್ಸ್' ಇದ್ದೇ ಇರುತ್ತದೆ. ಮೇಜಿನ ಮೇಲೆ ಅಮೆರಿಕದ ಸ್ಟಾಲ್ ಅವರ ಗೈಡು. ಪುಸ್ತಕಗಳನ್ನು ಹಳಿಯುವಂತಿಲ್ಲ. ಸ್ಟಾಲ್ ಒಂದೊಂದು ಔಷಧಿಗೂ ಜಾತಕ ಬರೆದಿಟ್ಟಿದ್ದಾರೆ: ಎಷ್ಟರಿಂದ ಶುರು, ತೂಕ ಏರುತ್ತದೆಯೇ, ತೂಕಡಿಕೆ ಬರುತ್ತದೆಯೇ, ನಿಲ್ಲಿಸುವುದು ಹೇಗೆ. ಮೊದಲ ಮಾತ್ರೆ ನಾಟದಿದ್ದರೆ ಮುಂದೇನು, ಬಸುರಿಗೆ ಯಾವುದು, ಕಿಡ್ನಿ ಕೆಟ್ಟವರಿಗೆ ಯಾವುದು ಎಂಬ ತಕರಾರಿನ ಕೇಸುಗಳಿಗೆ ಮಾಡ್ಸ್ಲಿ. ಸೀನಿಯರುಗಳು ಇವರನ್ನೇ 'ಮಾಡ್ಸ್ಲಿ' ಎಂದು ಕರೆಯುತ್ತಾರೆ. ಇವರು ಅದನ್ನು ಹೊಗಳಿಕೆ ಎಂದುಕೊಂಡಿದ್ದಾರೆ.

ಕ್ಲೋಜಪಿನ್ ರೋಗಿ ಬಂದರೆ ಮೊದಲ 18 ವಾರ ವಾರಕ್ಕೊಮ್ಮೆ ರಕ್ತಪರೀಕ್ಷೆ ಎಂದು ಗಿಳಿಪಾಠ ಒಪ್ಪಿಸಿ, "ಸಿಗರೇಟು ಸೇದ್ತೀರಾ?" ಎನ್ನುತ್ತಾರೆ.

"ಇಲ್ಲ ಸಾರ್."

ಬರೆದುಕೊಂಡಾಯಿತು. ಹಿಂದೆ ನಿಂತಿದ್ದ ಹೆಂಡತಿ ತಡೆಯಲಾರದೆ, "ಸಿಗರೇಟಿಗೆ ದುಡ್ಡೆಲ್ಲಿ ಸಾರ್, ದಿನಾ ಎರಡು ಕಟ್ಟು ಬೀಡಿ" ಎಂದಳು. ಹೊಗೆ ಯಾವುದಾದರೇನು, ಒಳಗೆ ಹೋದರೆ ಲಿವರು ಕ್ಲೋಜಪಿನ್ನನ್ನು ಬೇಗ ಕರಗಿಸುತ್ತದೆ. ಡಾಕ್ಟರು ಬರೆದದ್ದನ್ನು ಹೊಡೆದುಹಾಕಿದರು.

ಮೊನ್ನೆ ಲಿಥಿಯಂ ಪ್ರಸಂಗ. ಸದಾ 0.8 ಇರುತ್ತಿದ್ದ ರಕ್ತದ ಮಟ್ಟ 1.3 ಆಗಿದೆ, ಹುಡುಗನ ಕೈ ನಡುಗುತ್ತಿದೆ. ಡಾಕ್ಟರು ಹಾಳೆ ತಿರುವುತ್ತಾ ಅವನ ತಾಯಿಯನ್ನು ಕೇಳಿದರು.

"ನೋವಿನ ಮಾತ್ರೆ ತಗೊಂಡನಾ?"

"ಇಲ್ಲ."

"ವಾಂತಿ, ಭೇದಿ?"

"ಇಲ್ಲ."

"ರಕ್ತ ಕೊಡೋ ದಿನ ಬೆಳಗ್ಗೇನೇ ಮಾತ್ರೆ ನುಂಗಿಬಿಟ್ನಾ? ಹನ್ನೆರಡು ಗಂಟೆ ಬಿಟ್ಟಿರಬೇಕು!"

"ರಾತ್ರಿ ಕೊಟ್ಟಿದ್ದು ಸಾರ್, ನಾನೇ."

ಡಾಕ್ಟರು ಇನ್ನೊಂದು ಹಾಳೆ ತಿರುವುವಷ್ಟರಲ್ಲಿ ಟೋಕನ್ ಕೂಗುವ ಆಯಾ ಬಾಗಿಲಿಂದಲೇ, "ಏನಮ್ಮಾ, ಮಗ ಇಷ್ಟು ಇಳಿದೋಗವ್ನೆ, ಉಣ್ಣಲ್ವಾ?" ಎಂದಳು.

"ಎಲ್ಲಿ ಉಣ್ತಾನಕ್ಕಾ! ಅವರಪ್ಪಂಗೆ ಬಿಪಿ ಬಂತು. ಅವತ್ತಿಂದ ಮನೆಮಂದಿಗೆಲ್ಲ ಉಪ್ಪಿಲ್ಲದ ಸಾರು."

ಉಪ್ಪು ಕಡಿಮೆಯಾದರೆ ಕಿಡ್ನಿ ಸೋಡಿಯಮ್ಮಿನ ಜೊತೆ ಲಿಥಿಯಮ್ಮನ್ನೂ ಹಿಡಿದಿಟ್ಟುಕೊಳ್ಳುತ್ತದೆ. ಡಾಕ್ಟರಿಗೆ ಇದು ಪುಟದ ಸಮೇತ ಬಾಯಿಪಾಠ. ಅದು ಸಾರಿನ ಪಾತ್ರೆಯಲ್ಲಿ ಕೂತು ಓಪಿಡಿಗೆ ಬರುತ್ತದೆಂದು ಮಾತ್ರ ಯಾರೂ ಹೇಳಿರಲಿಲ್ಲ. ಮುಖ ಅರಳಿತು. ಲಿಥಿಯಂ ಸದ್ಯಕ್ಕೆ ನಿಲ್ಲಿಸಿ, ಮತ್ತೆ ರಕ್ತಕ್ಕೆ ಬರೆದು, "ಅವನಿಗೆ ಮೊದಲಿನ ಹಾಗೇ ಉಪ್ಪು ಹಾಕಿ" ಎಂದರು.

"ಉಪ್ಪಿನಕಾಯಿ ಕೊಡಬೋದಾ ಸಾರ್?"

ಡಾಕ್ಟರು ಮಾಡ್ಸ್ಲಿಯ ಕೊನೆಯ ಪುಟಗಳಲ್ಲಿದ್ದ ಇಂಡೆಕ್ಸ್ ತೆಗೆದು, 'ಪಿ' ಅಕ್ಷರಕ್ಕೆ ಬಂದು, ಬೆರಳಿಟ್ಟು ಹುಡುಕತೊಡಗಿದರು.